ಈ ವಾರದ ಪ್ರಾರ್ಥನೆ: ‘ನಿನ್ನ ರಾಜ್ಯವು ಬರಲಿ’

ಪ್ರಿಯ ಸಹೋದರ ಸಹೋದರಿಯರೇ, ವಂದನೆಗಳು.

ಕಳೆದ ವಾರ ಗುಂಪಿಗೆ ಬಂದ ಪ್ರಾರ್ಥನಾ ಕೋರಿಕೆಗಳನ್ನು ನಿನ್ನೆ ರಾತ್ರಿ ಮತ್ತೆ ಓದಿದೆ. ಕೆಲಸ, ಕಾಯಿಲೆ, ಪರೀಕ್ಷೆ, ಸಾಲ. ಯಾವುದೂ ಸಣ್ಣದಲ್ಲ, ಎಲ್ಲವನ್ನೂ ಮುಂದುವರಿಸೋಣ. ಆದರೆ ಕರ್ತನಾದ ಯೇಸು ಕಲಿಸಿದ ಪ್ರಾರ್ಥನೆಯಲ್ಲಿ (ಬೈಬಲ್, ಮತ್ತಾಯ 6:9-13) ಅನುದಿನದ ಆಹಾರದ ಸರದಿ ಬರುವುದು ನಾಲ್ಕನೆಯದಾಗಿ. ಅದಕ್ಕೆ ಮೊದಲು ದೇವರ ನಾಮ, ರಾಜ್ಯ, ಚಿತ್ತ. ಈ ಮೂರನ್ನೂ ಒಂದೇ ಉಸಿರಿನಲ್ಲಿ ದಾಟಿ ನಾವು ಆಹಾರದ ಬಳಿ ನಿಲ್ಲುತ್ತೇವೆ. ನಾನೂ ಅಷ್ಟೇ.

‘ರಾಜ್ಯ’ ಎಂದಾಗ ಗಡಿ ಇರುವ ನಾಡು ಕಣ್ಣಿಗೆ ಬರುತ್ತದೆ. ಮೂಲ ಗ್ರೀಕಿನ ‘ಬಸಿಲೆಯಾ’ ಪದಕ್ಕೆ ಆಳ್ವಿಕೆ ಎಂಬ ಅರ್ಥವೂ ಇದೆ, ಇಲ್ಲಿ ಅದೇ ಮುಖ್ಯ. ಹಾಗಾದರೆ ನಾವು ಕೇಳುತ್ತಿರುವುದು ‘ನನ್ನನ್ನು ನೀನು ಆಳು’ ಎಂದು. ತಮ್ಮನೊಡನೆ ಮಾತು ಬಿಟ್ಟಿದ್ದ ದಿನಗಳಲ್ಲೂ ನಾನು ಈ ಸಾಲನ್ನು ಗಟ್ಟಿಯಾಗಿಯೇ ಹೇಳುತ್ತಿದ್ದೆ. ಒಂದು ಬೆಳಿಗ್ಗೆ ನಾಲಿಗೆ ಅಲ್ಲಿಯೇ ತಡವರಿಸಿತು. ಆಮೆನ್ ಹೇಳುವ ಮೊದಲೇ ಮೊಬೈಲ್ ಕೈಗೆತ್ತಿಕೊಂಡೆ. ಮೂರನೆಯ ಸಲ ಕರೆ ಮಾಡಿದಾಗ ಅವನು ಮಾತನಾಡಿದ.

ರಾಜ್ಯವನ್ನು ಕಟ್ಟಿ ಮುಗಿಸುವ ಗುತ್ತಿಗೆಯನ್ನು ನಮಗೆ ಯಾರೂ ಕೊಟ್ಟಿಲ್ಲ. ದೇವರ ರಾಜ್ಯ ಹೇಗಿದೆ ಎಂದು ಯೇಸು ಹೇಳಿದ ಕಥೆಯಲ್ಲಿ (ಮಾರ್ಕ 4:26-29) ರೈತ ಬೀಜ ಬಿತ್ತಿ ಮಲಗುತ್ತಾನೆ, ಏಳುತ್ತಾನೆ. ಅದು ಹೇಗೆ ಮೊಳೆಯಿತೋ ಅವನಿಗೇ ತಿಳಿಯದು.

ಬುಧವಾರದಿಂದ ಏಳು ದಿನ, ಸ್ವಂತ ಬೇಡಿಕೆಗೆ ಮೊದಲು ಈ ಒಂದು ಸಾಲಿನ ಬಳಿ ಐದು ನಿಮಿಷ ನಿಲ್ಲೋಣ. ಮನೆಯಲ್ಲಿ, ಕೆಲಸದಲ್ಲಿ, ಹಣದ ವಿಷಯದಲ್ಲಿ ದೇವರು ಎಲ್ಲಿ ಆಳಬೇಕೋ ಅದನ್ನು ಹೆಸರಿಸಿ ಕೇಳಿ. ಹಂಚಿಕೊಳ್ಳಬೇಕೆನಿಸಿದರೆ ಇಲ್ಲಿ ಬರೆಯಿರಿ. ಶುಭೋದಯದ ಚಿತ್ರಗಳು ಈ ವಾರ ಬೇಡ, ದಯವಿಟ್ಟು.