ಘಾಟಲ್ಲಿ ಇಂಜಿನ್ ಆಫ್ ಮಾಡ್ಬೇಡ ಮಗಾ

ಮಗಾ,

ನಿನ್ನ ಮೆಸೇಜ್ ನಿನ್ನೆ ರಾತ್ರಿ ಓದಿದೆ, ಆಮೇಲೆ ಸರಿಯಾಗಿ ನಿದ್ದೆ ಬರ್ಲಿಲ್ಲ. ನೀನು ಕೇಳಿದ್ದು ಹ್ಯಾಂಡಲ್ ಮೇಲಿರೋ ಕೆಂಪು ಕಿಲ್ ಸ್ವಿಚ್ಚಲ್ಲೇ ದಿನಾ ಇಂಜಿನ್ ಆಫ್ ಮಾಡಿದ್ರೆ ಬೈಕ್ ಹಾಳಾಗುತ್ತಾ ಅಂತ. ಹಾಳಾಗಲ್ಲ ಮಾರಾಯ, ಆಫ್ ಮಾಡೋಕೇ ಅಂತ ಕೊಟ್ಟಿರೋ ಸ್ವಿಚ್ ಅದು. ಸ್ಪಾರ್ಕ್ ನಿಲ್ಲುತ್ತೆ, ಇಂಜೆಕ್ಷನ್ ಗಾಡಿ ಆದ್ರೆ ಪೆಟ್ರೋಲ್ ಪಂಪೂ ನಿಲ್ಲುತ್ತೆ, ಅಷ್ಟೇ. ಆದ್ರೆ ಅದರ ಕೆಳಗೆ ಏನೋ ದೊಡ್ಡ ವಿಷಯವೇ ಅಲ್ಲ ಅನ್ನೋ ಹಾಗೆ ಬರ್ದಿದ್ದೀಯಲ್ಲ, ಸೋಮವಾರ ಮಡಿಕೇರಿಯಿಂದ ಘಾಟ್ ಇಳಿದು ಸುಳ್ಯಕ್ಕೆ ಹೋಗುವಾಗ ಮದೆನಾಡು ದಾಟಿದ ಮೇಲೆ ಸ್ವಿಚ್ ಒತ್ತಿ ನ್ಯೂಟ್ರಲ್ ಮಾಡಿ ಸಂಪಾಜೆವರೆಗೂ ಹಾಗೇ ಬಿಟ್ಕೊಂಡು ಹೋಗ್ತೀನಿ, ಪೆಟ್ರೋಲ್ ಉಳಿಯುತ್ತೆ ಅಂತ. ನನ್ನ ತಲೆಯಲ್ಲಿ ಉಳಿದದ್ದು ಅದೊಂದೇ.

ಎಷ್ಟು ಉಳಿಯುತ್ತೆ ಹೇಳು. ಮಡಿಕೇರಿಯಿಂದ ಸಂಪಾಜೆಗೆ ಹೆಚ್ಚುಕಮ್ಮಿ 25 ಕಿಲೋಮೀಟರ್, ನಿನ್ನ ಗಾಡಿ 50 ಕೊಡುತ್ತೆ ಅಂದ್ಕೊಂಡ್ರೂ ಒಂದು ಹನಿ ಖರ್ಚಾಗದೆ ಪೂರ್ತಿ ಇಳಿದ್ರೂ ಅರ್ಧ ಲೀಟರ್, ಐವತ್ತು ಚಿಲ್ಲರೆ ರೂಪಾಯಿ. ಅದೂ ಉಳಿಯಲ್ಲ. 2020ರ ಏಪ್ರಿಲ್ ಮೇಲೆ ಬಂದ ಬಿಎಸ್6 ಅಂದ್ರೆ ಹೊಸ ಹೊಗೆ ನಿಯಮದ ಗಾಡಿ ನಿಂದು, ಗೇರಲ್ಲೇ ಇಟ್ಟು ಆಕ್ಸಲರೇಟರ್ ಪೂರ್ತಿ ಬಿಟ್ಟು ಇಳಿದ್ರೆ ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ತಾನೇ ಪೆಟ್ರೋಲ್ ಬಂದ್ ಮಾಡುತ್ತೆ, ಚಕ್ರವೇ ಇಂಜಿನ್ನನ್ನ ತಿರುಗಿಸ್ತಾ ಇರುತ್ತೆ. ನೀನು ಕಷ್ಟಪಟ್ಟು ಮಾಡೋ ಉಳಿತಾಯವನ್ನ ಗಾಡಿ ಪುಕ್ಕಟೆ ಮಾಡ್ತಾ ಉಂಟು, ಜೊತೆಗೆ ಇಂಜಿನ್ ಹಿಡಿದು ಸ್ಪೀಡೂ ಕಮ್ಮಿ ಮಾಡುತ್ತೆ. ಆ ಹಿಡಿತವನ್ನ ನೀನೇ ಕೈಯಾರೆ ಬಿಡ್ತಾ ಇದ್ದೀಯಲ್ಲ ಅಂತ ನಂಗೆ ಭಯ.

ಈ ಬುದ್ಧಿ ನಿಂಗೆ ಯಾರು ಹೇಳಿಕೊಟ್ಟಿರಬಹುದು ಅಂತಾನೂ ಗೊತ್ತು, ನಿಮ್ಮಪ್ಪನೇ ಇರ್ಬೇಕು, ಬೈಬೇಡ ಅವನಿಗೆ. ನಾವಿಬ್ರೂ ಕಲಿತದ್ದು ಯೆಜ್ಡಿ ಬೈಕಲ್ಲಿ. ಮೈಸೂರಲ್ಲೇ ಮಾಡ್ತಿದ್ರು, 1996ರಲ್ಲಿ ಫ್ಯಾಕ್ಟರಿ ಮುಚ್ಚಿತು, ಕಿಕ್ಕರನ್ನೇ ಮುಂದಕ್ಕೆ ಮಡಚಿದ್ರೆ ಗೇರ್ ಆಗೋದು. ಅದು ಟೂ ಸ್ಟ್ರೋಕ್, ಆಯಿಲ್ ಪೆಟ್ರೋಲ್ ಜೊತೆಗೇ ಇಂಜಿನ್ನಿಗೆ ಹೋಗ್ಬೇಕು, ಗೇರಲ್ಲಿಟ್ಟು ಆಕ್ಸಲರೇಟರ್ ಬಿಟ್ಟು ಉದ್ದಕ್ಕೆ ಇಳಿದ್ರೆ ಇಂಜಿನ್ ಜೋರು ತಿರುಗುತ್ತೆ, ಆಯಿಲ್ ಮಾತ್ರ ಹೋಗಲ್ಲ, ಪಿಸ್ಟನ್ ಜಾಮ್. ಅದಕ್ಕೇ ಹಳಬರು ಇಳಿಜಾರಲ್ಲಿ ಕ್ಲಚ್ ಹಿಡಿ, ಇಲ್ಲಾ ಆಗಾಗ ಸ್ವಲ್ಪ ಆಕ್ಸಲರೇಟರ್ ಕೊಡು ಅಂತಿದ್ರು. ಈಗಿನ ಫೋರ್ ಸ್ಟ್ರೋಕಿಗೆ ಆಯಿಲ್ ಒಳಗೇ ಬೇರೆ ಉಂಟು. ಕಾರಣ ಹೋಯ್ತು, ಅಭ್ಯಾಸ ಮಾತ್ರ ಉಳೀತು.

ನಾನು ಕಾಫಿ ತೋಟದಲ್ಲಿ ಲೆಕ್ಕ ಬರೆಯೋ ರೈಟರ್ ಆಗಿದ್ದಾಗ ಜೊತೆಗೊಬ್ಬ ಇದ್ದ, ಹೆಸರು ಬೇಡ. ಕೇರಳ ಕಡೆಗೆ ಇಳಿಯೋ ಮಾಕುಟ್ಟ ಘಾಟನ್ನ ಪೂರ್ತಿ ಇಂಜಿನ್ ಆಫ್ ಮಾಡೇ ಇಳಿತಿದ್ದ, ಸಂಬಳದ ದಿನ ಕಾಫಿ ಕಣದಲ್ಲಿ ನಿಂತು ಎಷ್ಟು ಉಳಿಸಿದೆ ಅಂತ ಲೆಕ್ಕ ಹೇಳ್ತಿದ್ದ, ನಾವೆಲ್ಲ ನಗ್ತಿದ್ವಿ. ಒಂದು ಮಳೆಗಾಲ ಬ್ರೇಕ್ ಬಿಸಿಯಾಗಿ ಹಿಡೀಲೇ ಇಲ್ಲ, ತಿರುವಲ್ಲಿ ಚರಂಡಿಗೆ ಹೋದ. ನಾವು ಹೋಗಿ ನೋಡುವಾಗಲೂ ಹಿಂದಿನ ಬ್ರೇಕ್ ಡ್ರಮ್ ಮೇಲೆ ಮಳೆಹನಿ ಬಿದ್ದು ಚುಂಯ್ ಅಂತಿತ್ತು, ಲೈನರ್ ಸುಟ್ಟ ವಾಸನೆ. ಕಾಲು ಮುರಿದು ಹೋಯ್ತು, ಆಮೇಲೆ ತೋಟದ ಕೆಲಸಕ್ಕೆ ಬರೋಕೆ ಆಗ್ಲಿಲ್ಲ. ಆಗ ನಗೋ ಬದಲು ಒಬ್ಬರಾದ್ರೂ ಬೇಡ ಅಂದಿದ್ರೆ ಅಂತ ಈಗ್ಲೂ ಅನ್ಸುತ್ತೆ. ನಿನ್ನ ಗಾಡಿಗೆ ಡಿಸ್ಕ್ ಉಂಟು, ಗೊತ್ತು, ಡಿಸ್ಕೂ ಬಿಸಿಯಾಗುತ್ತೆ.

ಇನ್ನೊಂದು, ಎದುರಿಂದ ಕೆಎಸ್ಆರ್‌ಟಿಸಿ ಬಸ್ ತಿರುವಲ್ಲಿ ಅಗಲವಾಗಿ ಬಂದ್ರೆ ತಪ್ಪಿಸ್ಕೊಳ್ಳೋಕೆ ಕೆಲವೊಮ್ಮೆ ಬ್ರೇಕಿಗಿಂತ ಆಕ್ಸಲರೇಟರೇ ಬೇಕಾಗುತ್ತೆ, ಆಗ ಸ್ವಿಚ್ ಆನ್ ಮಾಡಿ, ಗೇರ್ ಹುಡುಕಿ, ಆ ಸ್ಪೀಡಿಗೆ ಯಾವ ಗೇರ್ ಅಂತ ಗೊತ್ತಾಗದೆ ಫಸ್ಟ್ ಬಿದ್ರೆ ಹಿಂದಿನ ಚಕ್ರ ಜಾರುತ್ತೆ. ಮಂಜಲ್ಲಿ ಅಂತೂ ಬೇಡವೇ ಬೇಡ. ಇನ್ನು ಓಡ್ತಾ ಇರುವಾಗ ಕೀ ತಿರುಗಿಸೋದಂತೂ ಕೇಳ್ಲೇಬೇಡ, ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದ ಹಾಗೆ ನೋಡ್ಕೊಳ್ಳೋ ಎಬಿಎಸ್ ಹೋಯ್ತು, ಲೈಟ್ ಹೋಯ್ತು, ಅದೇ ಕೀಯಲ್ಲಿ ಆಚೆಗೆ ಹ್ಯಾಂಡಲ್ ಲಾಕೂ ಉಂಟು.

ನೀನು ಕೇಳಿದ್ದಕ್ಕೆ ಉತ್ತರವನ್ನೇ ಮರೆತೆ ನೋಡು. ಗಾಡಿ ಪೂರ್ತಿ ನಿಂತ ಮೇಲೆ ಕಿಲ್ ಸ್ವಿಚ್ ಒತ್ತಿದ್ರೂ ಆಯ್ತು, ಕೀ ತಿರುಗಿಸಿದ್ರೂ ಆಯ್ತು. ಸ್ವಿಚ್ ಒತ್ತಿದ್ರೆ ಕೀ ತೆಗೆಯೋದು ಮರೀಬೇಡ, ಇಲ್ಲಾಂದ್ರೆ ಬ್ಯಾಟರಿ ಇಳಿಯುತ್ತೆ, ಬೆಳಿಗ್ಗೆ ಸ್ವಿಚ್ ಆಫಲ್ಲೇ ಇರೋದು ನೋಡದೆ ಸ್ಟಾರ್ಟ್ ಆಗಲ್ಲ ಅಂತ ಮೆಕ್ಯಾನಿಕ್ ಹತ್ರ ತಳ್ಕೊಂಡು ಹೋದವರು ನಮ್ಮೂರಲ್ಲೇ ಇದ್ದಾರೆ. ಸೈಡ್ ಸ್ಟ್ಯಾಂಡ್ ಹಾಕಿ ಆಫ್ ಮಾಡೋದು ನಂಗೆ ಇಷ್ಟ ಇಲ್ಲ, ತಪ್ಪೇನಲ್ಲ, ನನ್ನದೊಂದು ಹಠ ಅಂತ ಇಟ್ಕೋ. ಮಡಿಕೇರಿಯ ಇಳಿಜಾರು ರಸ್ತೆಯಲ್ಲಿ ನಿಲ್ಲಿಸಿದ್ರೆ ಮೂತಿ ಏರಿನ ಕಡೆ ಇಟ್ಟು, ಆಫ್ ಮಾಡಿದ ಮೇಲೆ ಫಸ್ಟ್ ಗೇರಿಗೆ ಹಾಕು. ಆಕ್ಸಲರೇಟರ್ ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ, ಗಾಡಿ ಬಿದ್ರೆ, ಆಗ ಮಾತ್ರ ಮೊದಲು ಆ ಕೆಂಪು ಸ್ವಿಚ್. ಬಲಗೈ ಹೆಬ್ಬೆರಳಿಗೆ ಸಿಗೋ ಹಾಗೆ ಇಟ್ಟಿರೋದು ಅದಕ್ಕೇ, ಘಾಟಲ್ಲಿ ದುಡ್ಡು ಉಳಿಸೋಕೆ ಅಲ್ಲ.

ಜಾಸ್ತಿ ಬರ್ದೆ ಅನ್ಸುತ್ತೆ, ದೊಡ್ಡಪ್ಪನಿಗೆ ಬೇರೆ ಕೆಲಸ ಇಲ್ಲ ಅಂದ್ಕೋ. ಈ ಸೋಮವಾರ ಸೆಕೆಂಡೋ ಥರ್ಡೋ ಗೇರಲ್ಲಿ ಇಳಿ, ತಡ ಆದ್ರೆ ಆಗ್ಲಿ. ಅದಕ್ಕೂ ಮೊದಲು ಶನಿವಾರ ಬಂದಾಗ ಎರಡೂ ಬ್ರೇಕ್ ಪ್ಯಾಡ್ ತೆಗೆಸಿ ನೋಡು, ಇಷ್ಟು ದಿನ ಹಾಗೆ ಇಳಿದದ್ದಕ್ಕೆ ಸವೆದಿರುತ್ತೆ. ಬದಲಾಯಿಸ್ಬೇಕು ಅಂದ್ರೆ ಬದಲಾಯಿಸು, ದುಡ್ಡು ನಾನು ಕೊಡ್ತೀನಿ, ಅಪ್ಪನ ಹತ್ರ ಕೇಳ್ಬೇಡ.

ನಿನ್ನ ದೊಡ್ಡಪ್ಪ