ಸೇನೆಗೆ ಸೇರುವ ಮುನ್ನ ಒಂದು ಹಾಳೆ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಸೇನೆಗೆ ಯಾಕೆ ಸೇರುತ್ತೀಯ ಎಂದು ಹುಡುಗರನ್ನು ಕೇಳಿದರೆ ದೇಶಸೇವೆ ಎನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ಅದರ ಬೆನ್ನಿಗೆ ಸಂಬಳ, ಮುಂದಿನ ಓದು, ಕೈಗೊಂದು ಕಸುಬು, ಪಿಂಚಣಿ, ಮನೆಯಿಂದ ದೂರ ಹೋಗುವ ಆಸೆ ಇವೆಲ್ಲ ಇರುತ್ತವೆ. ಹೇಳಿಕೊಳ್ಳಲು ಸಂಕೋಚ, ಅಷ್ಟೆ. ಏನು ಬೇಕೆಂದು ಬಾಯಿಬಿಟ್ಟು ಹೇಳದವರು ಅದು ಯಾವ ಷರತ್ತಿನ ಮೇಲೆ ಸಿಗುತ್ತದೆ ಎಂದು ಓದಿ ನೋಡುವ ಗೋಜಿಗೂ ಹೋಗುವುದಿಲ್ಲ.

ಅರ್ಜಿ ಹಾಕುವ ಮೊದಲು ಒಂದು ಹಾಳೆಯಲ್ಲಿ ಮೂರು ಅಂಕಣ ಎಳೆಯಬೇಕು. ಮೊದಲನೆಯದರಲ್ಲಿ ಬೇಕಾದದ್ದು, ಎರಡನೆಯದರಲ್ಲಿ ಅದನ್ನು ಕೊಡುವ ನಿಯಮ ಅಥವಾ ಕರಾರಿನ ಮಾತು, ಮೂರನೆಯದರಲ್ಲಿ ಅದು ಕೈಸೇರುವ ವರ್ಷ. ಭರ್ತಿ ಮಾಡಿಕೊಳ್ಳುವವರು ಬಾಯಲ್ಲಿ ಹೇಳಿದ್ದಕ್ಕೆ ಎರಡನೇ ಅಂಕಣದಲ್ಲಿ ಜಾಗವಿಲ್ಲ. ಬರಹದಲ್ಲಿ ಇಲ್ಲದ್ದನ್ನು ಆಮೇಲೆ ಯಾರೂ ಕೊಡುವುದಿಲ್ಲ.

ಹೆಚ್ಚಿನವರು ಎಡವುವುದು ಮೂರನೇ ಅಂಕಣದಲ್ಲಿ. 2022ರಲ್ಲಿ ಬಂದ ನಮ್ಮ ಸೇನೆಯ ಅಗ್ನಿಪಥ ಯೋಜನೆಯಲ್ಲಿ ಸೇವೆ 4 ವರ್ಷ. ಆಮೇಲೆ ಖಾಯಂ ಆಗುವವರು ಗರಿಷ್ಠ ಶೇ 25. ಅವರು ಮತ್ತೆ ಕನಿಷ್ಠ 15 ವರ್ಷ ದುಡಿಯಬೇಕು, ಪಿಂಚಣಿಯ ಮಾತು ಅವರಿಗೆ ಮಾತ್ರ. ಉಳಿದವರಿಗೆ ಸೇವಾ ನಿಧಿ: ತಿಂಗಳ ಸಂಬಳದ ಶೇ 30 ಹಿಡಿದು, ಸರ್ಕಾರವೂ ಅಷ್ಟನ್ನೇ ಸೇರಿಸಿ, ಕೊನೆಗೆ ಒಟ್ಟಿಗೆ ಕೊಡುವ ಹಣ. ಮೊದಲ ಅಂಕಣದಲ್ಲಿ ‘ಪಿಂಚಣಿ’ ಎಂದು ಬರೆದವರು, ನಾಲ್ವರಲ್ಲಿ ಕನಿಷ್ಠ ಮೂವರು ಹೊರಬರುತ್ತಾರೆ ಎಂಬುದನ್ನೂ ಪಕ್ಕದಲ್ಲೇ ಬರೆದುಕೊಳ್ಳಲಿ. ಅಮೆರಿಕದಲ್ಲಿ ಪಿಂಚಣಿಗೆ 20 ವರ್ಷ ಬೇಕು, ಆದರೆ ಕಾಲೇಜಿನ ಪೂರ್ಣ ಸೌಲಭ್ಯಕ್ಕೆ 36 ತಿಂಗಳ ಸೇವೆ ಸಾಕು. ಹಾಗಾಗಿ ಓದಿಗೆಂದು ಹೋಗುವವರ ಲೆಕ್ಕವೇ ಬೇರೆ, ಪಿಂಚಣಿಗೆಂದು ಹೋಗುವವರ ಲೆಕ್ಕವೇ ಬೇರೆ. ಅಲ್ಲಿ ಮೊದಲ ಕರಾರು ಒಟ್ಟು 8 ವರ್ಷದ್ದು. ಸಕ್ರಿಯ ಸೇವೆ ಮುಗಿದ ಮೇಲೂ ಉಳಿದ ವರ್ಷ ಮೀಸಲು ಪಡೆಯಲ್ಲಿ ಹೆಸರಿರುತ್ತದೆ, ಕರೆ ಬಂದರೆ ಹೋಗಬೇಕು. ಹೊರದೇಶದವರನ್ನೂ ಸೇರಿಸಿಕೊಳ್ಳುವ ಫ್ರಾನ್ಸಿನ ವಿದೇಶಿ ಪಡೆಯಲ್ಲಿ (ಫಾರಿನ್ ಲೀಜನ್) ಮೊದಲ ಕರಾರು 5 ವರ್ಷ, ಪೌರತ್ವಕ್ಕೆ ಅರ್ಜಿ ಹಾಕಲು 3 ವರ್ಷ.

ಕಸುಬು ಕಲಿಯಲೆಂದು ಹೋಗುವವರಿಗೆ ಇನ್ನೊಂದು ಮಾತು. ಟ್ರೇಡ್, ಅಂದರೆ ಸೇನೆಯಲ್ಲಿ ಮಾಡುವ ಕೆಲಸದ ವಿಭಾಗ, ಹಂಚುವಾಗ ಅಂಕ, ದೇಹದ ಅರ್ಹತೆ, ಖಾಲಿ ಜಾಗ, ಪಡೆಯ ಅಗತ್ಯ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆಸೆಯ ಸರದಿ ಆಮೇಲೆ. ಬಣ್ಣ ಗುರುತಿಸಲು ಕಷ್ಟವಾದರೆ ಹಲವು ತಾಂತ್ರಿಕ ಟ್ರೇಡ್‌ಗಳ ಬಾಗಿಲು ಅಲ್ಲಿಗೇ ಮುಚ್ಚಿತು. ಮೂರು ಟ್ರೇಡ್‌ಗಳನ್ನು ಇಷ್ಟದ ಕ್ರಮದಲ್ಲಿ ಬರೆದು, ಮೂರನೆಯದೇ ಸಿಕ್ಕರೂ ಸೇರುತ್ತೇನೆಯೇ ಎಂದು ತನ್ನನ್ನೇ ಕೇಳಿಕೊಳ್ಳಬೇಕು. ಇಲ್ಲ ಎಂಬ ಉತ್ತರ ಬಂದರೆ ಆ ಟ್ರೇಡ್ ಕರಾರಿನಲ್ಲೇ ನಮೂದಾಗುವ ದಾರಿ ಇದೆಯೇ ನೋಡಬೇಕು. ಇಲ್ಲದಿದ್ದರೆ ಸಹಿ ಹಾಕದಿರುವುದೇ ಮೇಲು.

ಕಲಿತದ್ದು ಹೊರಗೆ ನಡೆಯುತ್ತದೆಯೇ ಎಂಬುದೂ ಪ್ರಶ್ನೆಯೇ. ರಣರಂಗದಲ್ಲಿ ಗಾಯಾಳುಗಳ ಪ್ರಾಣ ಉಳಿಸಿದವರಿಗೂ ನರ್ಸಿಂಗ್ ನೋಂದಣಿ ಇಲ್ಲದೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಗುವುದಿಲ್ಲ. ವೆಲ್ಡಿಂಗ್, ವೈರಿಂಗ್, ಭಾರಿ ವಾಹನ ಎಲ್ಲದಕ್ಕೂ ನಾಗರಿಕ ಲೋಕ ತನ್ನದೇ ಕಾಗದ ಕೇಳುತ್ತದೆ. ಆ ಪರೀಕ್ಷೆಗಳನ್ನು ಸೇವೆಯಲ್ಲಿದ್ದಾಗಲೇ ಕಟ್ಟಿ ಮುಗಿಸಬೇಕು. ಹೊರಬಂದ ಮೇಲೆ ಶುಲ್ಕವೂ ತನ್ನದೇ, ಸಂಬಳವಿಲ್ಲದ ತಿಂಗಳುಗಳೂ ತನ್ನವೇ. ಅಂಚೆ ಮೂಲಕ ಪದವಿ ಓದುವವರು ತರಬೇತಿ ಮುಗಿಯುವ ತನಕ ಹೆಸರು ನೋಂದಾಯಿಸದಿದ್ದರೆ ಒಳ್ಳೆಯದು. ಗಡಿಯಲ್ಲಿದ್ದಾಗ ಪರೀಕ್ಷೆಯ ದಿನಕ್ಕೆ ರಜೆ ಸಿಗದೆ ವರ್ಷ ಹಾಳಾಗುವುದು ಸಾಮಾನ್ಯ.

ಹಾಳೆಯ ಹಿಂಬದಿಯಲ್ಲಿ ಕಳೆದುಕೊಳ್ಳುವುದನ್ನೂ ಬರೆಯಬೇಕು. ಗುಂಡಿನ ಸದ್ದಿಗೆ ಕಿವಿ ಮಂದವಾಗುತ್ತದೆ, ಸದಾ ಗುಂಯ್‌ಗುಡುತ್ತದೆ. ಹೊರೆ ಹೊತ್ತು ನಡೆದು ಮೊಣಕಾಲು, ಸೊಂಟ ಸವೆಯುತ್ತವೆ. ಬಡ್ತಿಗೋ ಕೋರ್ಸಿಗೋ ಅಡ್ಡಿಯಾದೀತೆಂದು ನೋವು ಮುಚ್ಚಿಟ್ಟುಕೊಳ್ಳುವ ಚಾಳಿ ಎಲ್ಲ ಪಡೆಗಳಲ್ಲೂ ಇದೆ. ಪೆಟ್ಟಾದ ಹೊತ್ತಿನಲ್ಲಿ ವೈದ್ಯಕೀಯ ದಾಖಲೆಗೆ ಹೋಗದಿದ್ದರೆ, ಅದು ಸೇವೆಯಿಂದಲೇ ಬಂದದ್ದು ಎಂದು ಹತ್ತು ವರ್ಷದ ನಂತರ ಸಾಬೀತು ಮಾಡುವುದು ಬಹಳ ಕಷ್ಟ, ಅಂಗವೈಕಲ್ಯದ ಪಿಂಚಣಿ ಅಲ್ಲೇ ಜಾರುತ್ತದೆ. ಸೇರುವಾಗಿನ ಶ್ರವಣ ಪರೀಕ್ಷೆಯ ಪ್ರತಿಯಿಂದ ಹಿಡಿದು ಪ್ರತಿ ಚೀಟಿಯ ನಕಲನ್ನೂ ಇಟ್ಟುಕೊಂಡವರೇ ಜಾಣರು.

ಶಿಸ್ತು ಬರಲಿ ಎಂದು ಮಗನನ್ನು ಕಳಿಸುವ ತಂದೆತಾಯಿ ಇದ್ದಾರೆ. ಕಹಳೆ ಊದಿದಾಗ ಏಳುವವನು ಕಹಳೆ ಇಲ್ಲದ ಊರಿನಲ್ಲೂ ಏಳುತ್ತಾನೆ ಎಂಬ ಖಾತರಿ ಇಲ್ಲ. ಮನೆಯ ಸಾಲ, ಜಗಳದಿಂದ ತಪ್ಪಿಸಿಕೊಳ್ಳಲು ಹೋಗುವವರಿಗೆ ಅವೆರಡೂ ಫೋನಿನಲ್ಲೇ ಹಿಂಬಾಲಿಸುತ್ತವೆ, ಬಗೆಹರಿಸೋಣವೆಂದರೆ ರಜೆ ಇರುವುದಿಲ್ಲ. ಗೆಳೆತನವನ್ನು ಮಾತ್ರ ಹಾಳೆಯಲ್ಲಿ ಬರೆಯಬೇಕಿಲ್ಲ. ಅದಕ್ಕೆ ಯಾವ ನಿಯಮವೂ ಇಲ್ಲ, ಆದರೂ ಬಹುತೇಕರಿಗೆ ಸಿಗುವುದು ಅದೇ.

18ರಲ್ಲಿ ಬರೆದ ಹಾಳೆ 22ಕ್ಕೆ ಹೊಂದುವುದಿಲ್ಲ. ಕರಾರು ಮುಗಿಯಲು ಒಂದು ವರ್ಷ ಇರುವಾಗಲೇ ಅದನ್ನು ತೆಗೆದು ತಿದ್ದಬೇಕು. ಪ್ರಮಾಣಪತ್ರ, ಪರೀಕ್ಷೆ, ಕಾಲೇಜಿನ ಅರ್ಜಿ, ವೈದ್ಯಕೀಯ ತಪಾಸಣೆ ಯಾವುದೂ ಕೊನೆಯ ತಿಂಗಳಲ್ಲಿ ಆಗುವ ಕೆಲಸವಲ್ಲ. ಬ್ರಿಟನ್ನಿನ ಸೈನಿಕರು ಬಿಡುವುದಾದರೆ 12 ತಿಂಗಳ ಮುಂಚೆಯೇ ನೋಟಿಸ್ ಕೊಡಬೇಕಾಗುತ್ತದೆ.

ಇಂತಿ,
ಓರ್ವ ಓದುಗ