ಈ ಕುಂಬಳಕಾಯಿ ಯಾವ ಮನೆಯ ಪಾತ್ರೆಗೂ ಹಿಡಿಸುವುದಿಲ್ಲ: ನಗರಸಭೆ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ನಮಸ್ಕಾರ. ನಾನು ತರಕಾರಿ ಅಂಗಡಿ ನಡೆಸುವವನು. ಆಯಾ ಕಾಲದ ತರಕಾರಿ, ಅದರಲ್ಲೂ ಸಾವಯವದ್ದು ಮಾರುತ್ತೇನೆ. ಹೋದ ಸಲ ಆಸ್ಪತ್ರೆ, ಹಾಸ್ಟೆಲ್ ಅಡುಗೆಮನೆಗಳಿಗೆ ತರಕಾರಿ ಪೂರೈಸುವ ಟೆಂಡರ್ ಕರೆದಾಗ ನಾನೂ ಫಾರಂ ತಂದೆ. ಓದಿದೆ, ಮಡಚಿ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟೆ. ತುಂಬಲಿಲ್ಲ. ಯಾಕೆ ಅಂತ ಹೇಳುವುದಕ್ಕೇ ಈ ಪತ್ರ.

ಅದರಲ್ಲಿ 10 ತರಕಾರಿಗಳ ಹೆಸರಿತ್ತು. ಟೊಮೆಟೊ, ಕ್ಯಾರೆಟ್, ಎಲೆಕೋಸು, ಹೀಗೆ. 12 ತಿಂಗಳೂ ಅವೇ. ಎಲ್ಲ ಒಂದೇ ಗಾತ್ರ ಇರಬೇಕು, ಸೌತೆಕಾಯಿ ನೆಟ್ಟಗಿರಬೇಕು. ಅಲ್ಲಿಗೆ ಬಂದಾಗ ನನಗೆ ನಗು ತಡೆಯಲಿಲ್ಲ. ಯುರೋಪಿನಲ್ಲೂ ಒಂದು ಕಾಲಕ್ಕೆ ಇಂಥದ್ದೇ ನಿಯಮ ಇತ್ತು. ಮೊದಲ ದರ್ಜೆಯ ಸೌತೆಕಾಯಿ 10 ಸೆಂಟಿಮೀಟರ್ ಉದ್ದಕ್ಕೆ 10 ಮಿಲಿಮೀಟರ್‌ಗಿಂತ ಜಾಸ್ತಿ ಬಾಗುವ ಹಾಗಿರಲಿಲ್ಲ! ಕೊನೆಗೆ 2009ರ ಜುಲೈನಲ್ಲಿ 26 ಬಗೆಯ ಹಣ್ಣು ತರಕಾರಿಗಳ ಮೇಲಿದ್ದ ಇಂಥ ನಿಯಮಗಳನ್ನು ಅವರೇ ಕೈಬಿಟ್ಟರು. ಹೆಚ್ಚಿ ಪಾತ್ರೆಗೆ ಹಾಕಿದ ಮೇಲೆ ಯಾವುದು ನೆಟ್ಟಗಿತ್ತು, ಯಾವುದು ಡೊಂಕಿತ್ತು ಅಂತ ಯಾರಿಗೆ ಗೊತ್ತಾಗುತ್ತೆ?

ನನ್ನ ಅಂಗಡಿಯ ಲೆಕ್ಕ ಬೇರೆ. ಬೆಳಿಗ್ಗೆ ಸರಕು ಬಂದ ಮೇಲೆಯೇ ಇವತ್ತು ಏನಿದೆ ಅಂತ ನನಗೂ ಗೊತ್ತಾಗುವುದು. ಮೊದಲ ಕೆಲಸ ಕ್ಯಾರೆಟ್ಟಿನ ಸೊಪ್ಪು ಮುರಿಯುವುದು. ಗಿರಾಕಿಗೆ ಸೊಪ್ಪಿದ್ದರೆ ಚೆಂದ, ಆದರೆ ಬಿಟ್ಟರೆ ಆ ಎಲೆಗಳೇ ಗೆಡ್ಡೆಯ ನೀರೆಲ್ಲ ಹೀರಿ ಸಂಜೆಗೆ ಅದನ್ನು ಮೆತ್ತಗೆ ಮಾಡಿಬಿಡುತ್ತವೆ. ಬಾಡಿದ ಸೊಪ್ಪಿನ ಕಟ್ಟುಗಳ ಬುಡ ಕತ್ತರಿಸಿ ತಣ್ಣೀರಿನಲ್ಲಿ ನಿಲ್ಲಿಸುತ್ತೇನೆ, ಸ್ವಲ್ಪ ಹೊತ್ತಿಗೆ ತಲೆ ಎತ್ತುತ್ತವೆ. ಟೊಮೆಟೊ ಫ್ರಿಜ್ಜಿಗೆ ಹೋಗುವುದಿಲ್ಲ, ಹೋದರೆ ರುಚಿ ಸತ್ತಿತು. ಮಾಗಿದ ಬಾಳೆಹಣ್ಣನ್ನು ಸೊಪ್ಪಿನಿಂದ ದೂರ ಇಡಬೇಕು. ಅದು ಬಿಡುವ ಎಥಿಲೀನ್ ಅನ್ನುವ ಅನಿಲಕ್ಕೆ ಸೊಪ್ಪು ಬೇಗ ಹಳದಿಯಾಗುತ್ತದೆ. ಇದನ್ನು ಕಲಿಯಲು ನಾನು ಒಂದಿಡೀ ಬುಟ್ಟಿ ಸೊಪ್ಪು ಕಳೆದುಕೊಂಡೆ.

ಇದೆಲ್ಲ ಅಭ್ಯಾಸ ಆಗಿದೆ. ಅಭ್ಯಾಸ ಆಗದೇ ಇರುವುದು ಒಂದೇ: ಸುಗ್ಗಿ. ಕಾಲಕ್ಕೆ ಸರಿಯಾಗಿ ಬೆಳೆಯುವ ತರಕಾರಿ ಎಲ್ಲರ ಹೊಲದಲ್ಲೂ ಒಟ್ಟಿಗೇ ಬರುತ್ತದೆ. ಎರಡು ವಾರದ ಹಿಂದೆ ಬೀನ್ಸ್ ಇದೆಯಾ ಅಂತ ಕೇಳಿ ಬರಿಗೈಲಿ ಹೋದವರಿಗೆ ಇವತ್ತು ಮೂಟೆಗಟ್ಟಲೆ ಕೊಡಬಲ್ಲೆ. ಆದರೆ ಮನೆಯವರು ಅರ್ಧ ಕಿಲೋ ಒಯ್ಯುತ್ತಾರೆ, ಜಾಸ್ತಿ ಅಂದರೆ ಒಂದು. ಬೆಳೆದವರಿಗೆ ಫೋನ್ ಮಾಡಿ ‘ನಾಳೆ ಕೀಳಬೇಡಿ’ ಅನ್ನುವುದಿದೆಯಲ್ಲ, ಈ ವ್ಯಾಪಾರದಲ್ಲಿ ಅದಕ್ಕಿಂತ ಕಷ್ಟದ ಮಾತಿಲ್ಲ. ಅದೇ ವಾರ ನಿಮ್ಮ ಅಡುಗೆಮನೆಗಳು ಕಾಲವಲ್ಲದ ತರಕಾರಿಯನ್ನು ದೂರದಿಂದ, ದುಬಾರಿ ಬೆಲೆಗೆ ತರಿಸುತ್ತಿರುತ್ತವೆ. ಪಟ್ಟಿಯಲ್ಲಿ ಇದೆ ಅನ್ನುವ ಒಂದೇ ಕಾರಣಕ್ಕೆ.

ಇದಕ್ಕೆ ದಾರಿ ಇದೆ ಸಾರ್. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರಾಡಳಿತ ತನ್ನ ಅಡುಗೆಮನೆಗಳಲ್ಲಿ 2015ರ ಹೊತ್ತಿಗೆ ಶೇ. 90ರಷ್ಟು ಸಾವಯವ ಪದಾರ್ಥ ಬಳಸಬೇಕು ಅಂತ ಗುರಿ ಇಟ್ಟುಕೊಂಡು, ಶೇ. 88ರ ಹತ್ತಿರ ಮುಟ್ಟಿತು. ದುಡ್ಡು ಸುರಿದು ಮಾಡಿದ್ದಲ್ಲ. ಅಡುಗೆಯವರಿಗೆ ತರಬೇತಿ ಕೊಟ್ಟರು, ಮಾಂಸ ಕಡಿಮೆ ಮಾಡಿದರು, ಆಯಾ ಕಾಲದ ತರಕಾರಿ ಹೆಚ್ಚಿಸಿದರು, ಚೆಲ್ಲುವುದನ್ನು ತಗ್ಗಿಸಿದರು. ಬ್ರೆಜಿಲ್ ಇನ್ನೂ ಮುಂದೆ ಹೋಗಿ ಕಾನೂನನ್ನೇ ಮಾಡಿತು. ಶಾಲೆಯ ಊಟಕ್ಕೆ ಕೇಂದ್ರ ಸರ್ಕಾರ ಕೊಡುವ ಹಣದಲ್ಲಿ ಕನಿಷ್ಠ ಶೇ. 30ರಷ್ಟನ್ನು ಸಣ್ಣ ರೈತ ಕುಟುಂಬಗಳಿಂದ ಕೊಳ್ಳುವುದಕ್ಕೆ ಬಳಸಬೇಕು ಅಂತ 2009ರಲ್ಲಿ ಬರೆದಿಟ್ಟರು.

ನಾನು ಕೇಳುವುದು ಅಷ್ಟು ದೊಡ್ಡದಲ್ಲ. ಮುಂದಿನ ಟೆಂಡರಿನಲ್ಲಿ ತರಕಾರಿಯ ಹೆಸರಿನ ಬದಲು ಬಗೆ ಬರೆಯಿರಿ. ವಾರಕ್ಕೆ ಇಷ್ಟು ಕಿಲೋ ಸೊಪ್ಪು, ಇಷ್ಟು ಗೆಡ್ಡೆ, ಇಷ್ಟು ಕಾಯಿ. ಯಾವ ಸೊಪ್ಪು, ಯಾವ ಕಾಯಿ ಅನ್ನುವುದನ್ನು ಕಾಲ ಹೇಳಲಿ. ಗಾತ್ರದ ಸಾಲು ಹೊಡೆದುಹಾಕಿ. ಕೊಳೆತಿರಬಾರದು, ತಾಜಾ ಇರಬೇಕು, ಸಾವಯವ ಅಂದರೆ ಅದಕ್ಕೆ ದಾಖಲೆ ಇರಬೇಕು. ಇವನ್ನು ಬೇಕಾದರೆ ಇನ್ನೂ ಬಿಗಿ ಮಾಡಿ, ನನಗೇನೂ ಬೇಜಾರಿಲ್ಲ.

ಅಡುಗೆಯವರಿಗೆ ತೊಂದರೆ ಆಗುತ್ತದೆ, ಒಪ್ಪುತ್ತೇನೆ. ಸಣ್ಣದು ದೊಡ್ಡದು ಬೆರೆತ ಗೆಡ್ಡೆ ಸಿಪ್ಪೆ ತೆಗೆಯಲು ಹೊತ್ತು ಹಿಡಿಯುತ್ತದೆ. ಸಾವಯವ ಸೊಪ್ಪನ್ನು ಹುಳು ನೋಡಿ ಬಿಡಿಸಬೇಕು. ನಾಳೆ ಏನು ಬರುತ್ತೆ ಅಂತ ಗೊತ್ತಿಲ್ಲದೆ ನೂರಾರು ಜನರ ಅಡುಗೆ ಯೋಚಿಸಲು ಆಗುವುದಿಲ್ಲ. ಅದಕ್ಕೇ ಪ್ರತಿ ಶುಕ್ರವಾರ ಮುಂದಿನ ವಾರಕ್ಕೆ ಏನು ಬರಲಿದೆ ಅಂತ ಚೀಟಿ ಕಳಿಸಲು ನಾನು ತಯಾರಿದ್ದೇನೆ. ಬೆಳೆಯುವವರು ಹೊಲ ನೋಡಿ ಒಂದು ವಾರ ಮುಂಚೆ ಹೇಳಬಲ್ಲರು. ಮಳೆ ಕೈಕೊಟ್ಟರೆ ಮಾತ್ರ ಚೀಟಿ ತಪ್ಪಬಹುದು.

ಇದನ್ನು ಬರೆಯುವಾಗ ಬಾಗಿಲ ಪಕ್ಕ ಮೂರು ಕುಂಬಳಕಾಯಿ ಕೂತಿವೆ. ಒಂದೊಂದೂ 9 ಕಿಲೋ ಮೇಲೆ. (ಕುಂಬಳಕಾಯಿ ಕಳ್ಳ ಅಂದರೆ ಯಾರೂ ಹೆಗಲು ಮುಟ್ಟಿ ನೋಡಿಕೊಳ್ಳುವುದು ಬೇಡ, ನಾನು ಯಾರನ್ನೂ ದೂರುತ್ತಿಲ್ಲ.) ಇಡಿಯಾಗಿ ಯಾವ ಮನೆಯವರೂ ಒಯ್ಯುವುದಿಲ್ಲ. ಹೋಳು ಮಾಡಿದರೆ ಅರ್ಧ ಮಾರಾಟ ಆಗುವಷ್ಟರಲ್ಲಿ ಉಳಿದದ್ದರ ಕೊಯ್ದ ಕಡೆ ಲೋಳೆ ಕಟ್ಟುತ್ತದೆ. ಹಾಸ್ಟೆಲ್ ಅಡುಗೆಮನೆಗೆ ಇದು ಒಂದು ಹೊತ್ತಿನ ಪಾತ್ರೆಗೂ ಸಾಲದು. ಇಡಿಯಾಗಿದ್ದರೆ ಕುಂಬಳಕಾಯಿ ತಿಂಗಳುಗಟ್ಟಲೆ ಕೆಡುವುದಿಲ್ಲ. ನೀವು ಹೊಸ ಪಟ್ಟಿ ಮಾಡುವವರೆಗೂ ಇವನ್ನು ಕೊಯ್ಯದೆ ಇಟ್ಟಿರುತ್ತೇನೆ.

ಇಂತಿ,
ಒಬ್ಬ ತರಕಾರಿ ವ್ಯಾಪಾರಿ